ಎಳೆಯುವ ಗಾಡಿಗೆ ಮುಂಗಾಲು ನೆಲದಲ್ಲಿರಬೇಕು

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ರಸ್ತೆ ಬದಿಯ ಗ್ಯಾರೇಜಿನವರು. ಕೈಗೆ ಗ್ರೀಸು ಹತ್ತಿದವರನ್ನು ಈ ವೇದಿಕೆಗೆ ಕರೆದದ್ದು ಸಂಘದ ದೊಡ್ಡತನ. ಹಳೆಯ ಟೋಯಿಂಗ್ ಲಾರಿಯೊಂದನ್ನು ಕೊಂಡು, ಸುಧಾರಿಸಿ, ಸದಸ್ಯರ ಉಪಯೋಗಕ್ಕೆ ಇಡಬೇಕೆಂಬ ಮಾತು ಸಂಘದಲ್ಲಿ ನಡೆದಿದೆಯಷ್ಟೆ. ಒಳ್ಳೆಯ ಯೋಚನೆಯೇ. ಶಿರಾಡಿ ಘಾಟಿಯ ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತರೆ ಅದರ ಹಿಂದೆ ನಿಲ್ಲುವುದು ಬರೀ ಗಾಡಿಗಳಲ್ಲ, ರೈತನ ತರಕಾರಿಯೂ ಆಸ್ಪತ್ರೆಗೆ ಹೊರಟ ರೋಗಿಯೂ ನಿಲ್ಲಬೇಕಾಗುತ್ತದೆ. ಆದರೆ ದುಡ್ಡು ಹಾಕುವ ಮುಂಚೆ ನಮ್ಮ ಎರಡು ಮಾತು ಕೇಳಿ.

ಈ ಕಸುಬು ಹುಟ್ಟಿದ್ದು ಅಮೆರಿಕದ ಟೆನೆಸಿ ರಾಜ್ಯದ ಚಟ್ಟನೂಗ ಊರಿನಲ್ಲಿ. ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವರು 1916ರಲ್ಲಿ, ಹಳ್ಳಕ್ಕೆ ಬಿದ್ದ ಕಾರೊಂದನ್ನು ಆಳುಗಳ ಕೈಲಿ ಎಳೆಸಿ ಸುಸ್ತಾದ ಮೇಲೆ, 1913ರ ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂರಿಸಿದರು. ಅಂದರೆ ಮೊದಲ ಗಾಡಿಯೇ ಮಾರ್ಪಾಡು ಮಾಡಿದ ಗಾಡಿ. ಆದ್ದರಿಂದ ಮಾರ್ಪಾಡು ತಪ್ಪಲ್ಲ. ಲೆಕ್ಕ ಬಿಟ್ಟು ಮಾಡಿದರೆ ಮಾತ್ರ ಅಪಾಯ.

ಸಾಮಾನ್ಯವಾಗಿ ಎಲ್ಲರೂ ಕೇಳುವುದು ಒಂದೇ: "ಬೂಮು ಇನ್ನೂ ಉದ್ದ ಮಾಡಿ, ಇನ್ನೂ ದೊಡ್ಡ ವಿಂಚು ಹಾಕಿ." ತಾವೆಲ್ಲ ಎತ್ತಿನಗಾಡಿ ಹೇರಿದವರು. ಗಾಡಿ ಹಿಂಭಾರವಾದರೆ ಏನಾಗುತ್ತದೆ? ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಟೋಯಿಂಗ್ ಲಾರಿಯದೂ ಅದೇ ಕಥೆ. ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ 14 ಅಡಿ ಅಂತರ, ಹುಕ್ಕು ಹಿಂದಿನ ಆಕ್ಸಲಿನಿಂದ 7 ಅಡಿ ಹಿಂದೆ ಇದೆ ಎನ್ನಿ. ಹುಕ್ಕಿಗೆ 3 ಟನ್ ತೂಗು ಹಾಕಿದರೆ ಮುಂದಿನ ಚಕ್ರದಿಂದ ಒಂದೂವರೆ ಟನ್ ಭಾರ ಹಗುರಾಗುತ್ತದೆ, ಹಿಂದಿನ ಚಕ್ರಕ್ಕೆ ನಾಲ್ಕೂವರೆ ಟನ್ ಹೆಚ್ಚುತ್ತದೆ. ಮುಂದೆ ಮೊದಲು ಇದ್ದದ್ದು 3 ಟನ್ನೇ ಆದರೆ ಉಳಿದದ್ದು ಅರ್ಧ. ಮುಂದಿನ ಭಾರ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ಈ ಕಸುಬಿನವರ ಕಟ್ಟಳೆ. ಅದೇ ಬೂಮನ್ನು ಉದ್ದ ಮಾಡಿ ಹುಕ್ಕನ್ನು 14 ಅಡಿಗೆ ಒಯ್ದಿರೋ, ಅದೇ 3 ಟನ್ನಿಗೆ ಮುಂಗಾಲು ನೆಲ ಬಿಡುತ್ತದೆ. ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ಗಾಳಿಯಲ್ಲಿ ತಿರುಗೀತು, ಗಾಡಿ ತಿರುಗದು. ಘಾಟಿಯಲ್ಲಿ ಹಾಗಾದರೆ ಕೆಳಗೆ ಪ್ರಪಾತ!

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಎಳೆದೊಯ್ಯುವಾಗ ಹುಕ್ಕು ಹಿಂದಿನ ಆಕ್ಸಲಿಗೆ ಆದಷ್ಟು ಹತ್ತಿರ ಇರಲಿ. ಎರಡನೆಯದು, ಮುಂದಿನ ಬಂಪರಿಗೆ ಭಾರ ಕಟ್ಟಿ. ಮುಂದಿನ ಆಕ್ಸಲಿಗಿಂತ 4 ಅಡಿ ಮುಂದೆ 500 ಕೆಜಿ ಇಟ್ಟರೆ ಮುಂದಿನ ಚಕ್ರದ ಮೇಲೆ ಸುಮಾರು 640 ಕೆಜಿ ಬೀಳುತ್ತದೆ. ಆದರೆ ಆಕ್ಸಲು, ಬ್ಲೇಡು, ಟೈರು ತಡೆಯುವಷ್ಟೇ ಇಡಿ. ಮೂರನೆಯದು, ಸರಪಳಿಯಲ್ಲಿ ತೂಗು ಹಾಕುವ ಬದಲು ಕೆಳಗಿನಿಂದ ಆಕ್ಸಲನ್ನೇ ಹೊತ್ತು ಹಿಡಿಯುವ ಅಂಡರ್‌ಲಿಫ್ಟ್ ತೋಳು ಹಾಕಿಸಿ. ಆಗ ಕೆಟ್ಟ ಗಾಡಿ ಓಲಾಡುವುದಿಲ್ಲ, ಬಂಪರೂ ನುಜ್ಜುಗುಜ್ಜಾಗುವುದಿಲ್ಲ. ತೋಳು ಹಿಂದಕ್ಕೆ ಚಾಚಿದಷ್ಟೂ ಆ ಹಿಂಭಾರದ ಲೆಕ್ಕ ಮತ್ತೆ ಬಂತು, ಮರೆಯಬೇಡಿ. ಇದನ್ನೆಲ್ಲ ಕೂರಿಸುವಾಗ ಚಾಸಿಯ ಮೇಲಂಚು ಕೆಳಅಂಚಿಗೆ ತೂತು ಕೊರೆಯುವುದೂ ಬೇಡ, ವೆಲ್ಡಿಂಗೂ ಬೇಡ. ನಡುವಿನ ನಿಂತ ಪಟ್ಟಿಗೆ ಬೋಲ್ಟು ಹಾಕಿಸಿ.

ವಿಂಚಿನ ಶಕ್ತಿ ಸಾಲದು ಅನಿಸಿದರೆ ದೊಡ್ಡ ವಿಂಚು ಕೊಳ್ಳುವ ಮುಂಚೆ ಒಂದು ರಾಟೆ ಕೊಳ್ಳಿ. ರೋಪನ್ನು ಕೆಟ್ಟ ಗಾಡಿಗೆ ಕಟ್ಟಿದ ರಾಟೆಯಲ್ಲಿ ಬಳಸಿ ತಂದು ನಮ್ಮ ಗಾಡಿಗೇ ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಘಾಟಿಯಲ್ಲಿ ನಿಧಾನವೇ ಒಳ್ಳೆಯದು. ಡ್ರಮ್ಮಿನ ಮೇಲೆ ಕಡೇಪಕ್ಷ ಮೂರು ಸುತ್ತು ರೋಪು ಸದಾ ಉಳಿದಿರಬೇಕು. ಬಿಗಿದ ರೋಪಿನ ಬಳಿ ಯಾರೂ ನಿಲ್ಲಬಾರದು, ಮಕ್ಕಳನ್ನಂತೂ ಹತ್ತಿರ ಬಿಡಲೇಬೇಡಿ. ಕಡಿದ ರೋಪು ಚಾಟಿಯಂತೆ ಬೀಸಿ ಜೀವ ತೆಗೆಯುತ್ತದೆ.

ಇನ್ನು ಕಡಿಮೆ ಖರ್ಚಿನ, ಆದರೆ ಬಹಳ ಮುಖ್ಯವಾದ ಮಾರ್ಪಾಡು ಎಂದರೆ ಗಾಳಿಯ ಪೈಪು. ಸ್ಪ್ರಿಂಗ್ ಬ್ರೇಕಿನ ಲಾರಿಯಲ್ಲಿ ಗಾಳಿ ಹೋದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ನಮ್ಮ ಗಾಡಿಯಿಂದ ಅದಕ್ಕೆ ಗಾಳಿ ಕೊಟ್ಟರೆ ಬ್ರೇಕು ಬಿಡುತ್ತದೆ. ಜೋಡಣೆ ಸರಿಯಾಗಿದ್ದರೆ ಇಳಿಜಾರಿನಲ್ಲಿ ಎರಡು ಗಾಡಿಯ ಬ್ರೇಕೂ ಒಟ್ಟಿಗೆ ಹಿಡಿಯುತ್ತದೆ. ಹಿಂದಿನ ಗಾಡಿಗೂ ಕೆಂಪು ದೀಪದ ವೈರು ಎಳೆಯಿರಿ. ಹಿಂದಿನ ಚಕ್ರ ಉರುಳಿಸಿಕೊಂಡು ಎಳೆಯುವಾಗ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿಡಿ. ಇಂಜಿನ್ ನಿಂತಿದ್ದರೆ ಗೇರ್‌ಬಾಕ್ಸಿನಲ್ಲಿ ಎಣ್ಣೆ ಎಲ್ಲ ಕಡೆಗೂ ತಲುಪದೆ ಒಳಗೆಲ್ಲ ಸುಟ್ಟುಹೋಗುತ್ತದೆ.

ಕಾನೂನಿನದೂ ಒಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. ಆರ್.ಟಿ.ಓ. ಕಛೇರಿಯಲ್ಲಿ ಮೊದಲು ವಿಚಾರಿಸಿ, ಒಪ್ಪಿಗೆ ಪಡೆದು, ದಾಖಲೆಯಲ್ಲಿ ಬರೆಸಿ, ವಿಮೆಯವರಿಗೂ ತಿಳಿಸಿ. ಅಪಘಾತವಾದ ದಿನ ಕಾಗದ ಹುಡುಕಿದರೆ ಸಂಘದ ಷೇರುದಾರರೆಲ್ಲ ಕೋರ್ಟು ಅಲೆಯಬೇಕಾದೀತು.

ಕೊನೆಯದಾಗಿ ನಮ್ಮ ವಿನಂತಿ ಇಷ್ಟೆ. ಲಾರಿ ಕೊಳ್ಳುವ ಮುಂಚೆ ವೇಬ್ರಿಡ್ಜಿಗೆ ಒಯ್ದು ಮುಂದಿನ ಆಕ್ಸಲು, ಹಿಂದಿನ ಆಕ್ಸಲು ಬೇರೆಬೇರೆ ತೂಗಿಸಿ, ಲೆಕ್ಕವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಇಡಿ. ಆಮೇಲೆ ಎಷ್ಟು ಎತ್ತಬಹುದೆಂದು ನಿರ್ಧರಿಸಿ, ಆ ಅಂಕಿಯನ್ನು ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಅದಕ್ಕಿಂತ ಹೆಚ್ಚಿನ ಭಾರಕ್ಕೆ "ಆಗುವುದಿಲ್ಲ" ಎನ್ನುವ ಅಧಿಕಾರ ಡ್ರೈವರಿಗೆ ಇರಲಿ. ಯಾವ ನಿರ್ದೇಶಕರ ಶಿಫಾರಸ್ಸಿಗೂ ಅದು ಬದಲಾಗದಿರಲಿ. ಒಬ್ಬನಿಂದ ಆಗದ್ದನ್ನು ಹತ್ತು ಜನ ಕೂಡಿ ಮಾಡುವುದೇ ಸಹಕಾರ. ಹತ್ತು ಜನರ ದುಡ್ಡಿಗೂ ಜೀವಕ್ಕೂ ಲೆಕ್ಕ ಇಡುವುದೂ ಸಹಕಾರವೇ.

ಇಪ್ಪತ್ತೈದು ತುಂಬಿದ ಸಂಘ ಐವತ್ತು, ನೂರು ಕಾಣಲಿ ಎಂದು ಹಾರೈಸುತ್ತೇವೆ.