ಸಣ್ಣ ಕುಸ್ತಿಗಳನ್ನೂ ಕೂತು ನೋಡಿರಿ

(ಗಟ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಲಾವಣಿ, ಗೊಬ್ಬರ, ನೀರು, ಕುಳೆ ಕಬ್ಬು ಇವುಗಳ ಬಗ್ಗೆ ಪ್ರತಿ ಸಭೆಯಲ್ಲೂ ನನ್ನಿಂದ ಕೇಳಿದ್ದೀರಿ. ಇಂದು ಆ ವಿಷಯ ಬಿಟ್ಟು ಕುಸ್ತಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹಂಗಾಮು ಮುಗಿಯುತ್ತ ಬಂದಂತೆ ಊರೂರಿಗೆ ಜಾತ್ರೆಗಳು ಬರುತ್ತವೆ. ಜಾತ್ರೆ ಎಂದ ಮೇಲೆ ಕುಸ್ತಿ ಮೈದಾನ ಬೇಕೇ ಬೇಕು. ಹಲಗಿಯ ಸಪ್ಪಳ ಕೇಳಿದರೆ ಮನೆಯಲ್ಲಿ ಕೂಡುವ ರೈತ ನಮ್ಮ ಭಾಗದಲ್ಲಿ ಯಾರೂ ಇಲ್ಲ.

ಆದರೆ ನಾವು ಮೈದಾನಕ್ಕೆ ಯಾವಾಗ ಹೋಗುತ್ತೇವೆ? ಹೊತ್ತು ಇಳಿದ ಮೇಲೆ. ಹ್ಯಾಂಡ್‌ಬಿಲ್ಲಿನಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಹಾಕಿಸಿಕೊಂಡ ಇಬ್ಬರು ಪೈಲ್ವಾನರ ಕೊನೆಯ ಕುಸ್ತಿ ನೋಡಿ ಮನೆಗೆ ಬರುತ್ತೇವೆ. ಮಧ್ಯಾಹ್ನ ಬಿಸಿಲಲ್ಲಿ ಊರಿನ ಹುಡುಗರು ಆಡಿದ ಕುಸ್ತಿಗಳನ್ನು ಪಂಚರು, ವಸ್ತಾದರು ಮತ್ತು ಆ ಹುಡುಗರ ತಂದೆಗಳಷ್ಟೇ ನೋಡಿರುತ್ತಾರೆ. ಈ ರೂಢಿ ಬದಲಾಗಬೇಕು ಎಂಬುದೇ ನನ್ನ ಮಾತು.

ಕಬ್ಬಿನ ಲೆಕ್ಕ ನಿಮಗೆ ಗೊತ್ತು. ಮೊದಲ 45 ದಿನ ಮೊಳಕೆ, ಮುಂದೆ ಸುಮಾರು 120 ದಿನದ ತನಕ ಮರಿ ಒಡೆಯುವ ಕಾಲ. ಆಗ ನೀರು, ಗೊಬ್ಬರ, ಕಳೆ ಕಡೆಗೆ ಲಕ್ಷ್ಯ ಕೊಡದವನು ಹತ್ತನೆಯ ತಿಂಗಳಲ್ಲಿ ಎಷ್ಟು ಗೊಬ್ಬರ ಸುರಿದರೂ ಎಕರೆಗೆ ಟನ್ ಏರುವುದಿಲ್ಲ. ಪೈಲ್ವಾನನದೂ ಇದೇ ಮಾತು. ಹೆಸರು ಬಂದ ಮೇಲೆ ಅವನಿಗೆ ಫೇಟಾ ಸುತ್ತಲು ನೂರು ಜನ ಇರುತ್ತಾರೆ. ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಹಾಲು ಕೊಟ್ಟವರು ಯಾರು ಎಂಬುದು ಮುಖ್ಯ.

ಇದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಉದಾಹರಣೆ ಇದೆ. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ ಅವರು 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಖರ್ಚಿಗೆ ನಿಂತವರು ಕೊಲ್ಲಾಪುರದ ಮಹಾರಾಜರು. 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕಾದಾಗ ಹಣ ಕೂಡಲಿಲ್ಲ. ಊರವರು ವಂತಿಗೆ ಎತ್ತಿದರು. ಅವರು ಕಲಿತ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೇಕರ ಅವರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ಕೊಟ್ಟರು. ಖಾಶಾಬಾ ಕಂಚಿನ ಪದಕ ಗೆದ್ದು ಬಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕ ಅದು. ಬಂದ ಮೇಲೆ ಕುಸ್ತಿ ಆಡಿ ಆ ಸಾಲ ತೀರಿಸಿದರು. ಕುಸ್ತಿಯಲ್ಲಿ ನಮ್ಮ ದೇಶಕ್ಕೆ ಮುಂದಿನ ಒಲಿಂಪಿಕ್ ಪದಕ ಬರಲು 2008ರ ತನಕ, ಅಂದರೆ 56 ವರ್ಷ ಕಾಯಬೇಕಾಯಿತು.

ಕನ್ನಡ ನೆಲದ ಮಾತು ಹೇಳುವುದಾದರೆ, 1959ರಲ್ಲಿ ಮೊದಲ ಹಿಂದ್ ಕೇಸರಿ ಆದ ಶ್ರೀಪತಿ ಖಂಚನಾಳೆ ಅವರು ಬೆಳಗಾವಿ ಜಿಲ್ಲೆಯ ಎಕ್ಸಂಬಾದವರು. ತಾಲೀಮು ಮಾಡಿದ್ದು ಕೊಲ್ಲಾಪುರದಲ್ಲಿ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಕೆಂಪು ಮಣ್ಣಿಗೆ ಗಡಿ ಗೊತ್ತಿಲ್ಲ. ಕನ್ನಡದ ಹುಡುಗ, ಮರಾಠಿ ಹುಡುಗ ಇಬ್ಬರೂ ಅದೇ ಮಣ್ಣು ಮೈಗೆ ಹಚ್ಚಿಕೊಂಡೇ ದೊಡ್ಡವರಾದರು.

ಈಗ ಸಣ್ಣ ಕುಸ್ತಿಯಲ್ಲಿ ಏನು ನೋಡಬೇಕು ಎಂಬ ವಿಷಯ. ಮಣ್ಣಿನ ಕುಸ್ತಿಗೂ ಮ್ಯಾಟಿನ ಕುಸ್ತಿಗೂ ಫರಕು ಇದೆ. ನಮ್ಮ ಜಾತ್ರೆಯಲ್ಲಿ ಬೆನ್ನು ಮಣ್ಣಿಗೆ ಹತ್ತಿ ಚಿತ್ ಆದರೇ ಕುಸ್ತಿ ನಿಕಾಲಿ. ಇಲ್ಲವಾದರೆ ಪಂಚರು ಜೋಡಿ ಬಿಡಿಸಿ ಬರೋಬರಿ ಎನ್ನುತ್ತಾರೆ. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು. ಕೆಡವಿ ಹಿಂದೆ ಹೋದರೆ ಎರಡು ಗುಣ, ಗೆರೆಯಾಚೆ ತಳ್ಳಿದರೆ ಒಂದು. ಫ್ರೀಸ್ಟೈಲಿನಲ್ಲಿ ಹತ್ತು ಗುಣದ ಮುನ್ನಡೆ ಸಿಕ್ಕರೆ ಕುಸ್ತಿ ಅಲ್ಲಿಗೇ ಮುಗಿಯಿತು. ಆದ್ದರಿಂದ ಹುಡುಗ ಚಿತ್ ಮಾಡಿದನೋ ಇಲ್ಲವೋ ಎಂದಷ್ಟೇ ನೋಡಬೇಡಿರಿ. ಕಾಲು ನೋಡಿರಿ. ಖಡಾಖಡಿ ನಡೆದಾಗ ಎರಡು ಕಾಲು ಒಂದೇ ಗೆರೆಗೆ ತರುವ ಹುಡುಗ ಬೇಗ ಬೀಳುತ್ತಾನೆ. ಪಟ ಹಿಡಿಯಲು ಎದುರಾಳಿ ನುಗ್ಗಿದಾಗ ಕಾಲು ಹಿಂದೆ ಎಸೆದು ಅವನ ಮೇಲೆ ಭಾರ ಹಾಕುವವನು ಕಲಿತ ಹುಡುಗ. ಕೆಳಗೆ ಸಿಕ್ಕಾಗ ಗಾಬರಿಯಾಗದೆ ಉಸಿರು ಹಿಡಿದು ಕೂಡುವವನಲ್ಲಿ ದಮ್ಮು ಇದೆ. ಢಾಕ, ಘಿಸ್ಸಾ, ಏಕಲಂಗಿ ಇವು ಮುಂದೆ ವಸ್ತಾದರು ಕಲಿಸುವ ಪಟ್ಟುಗಳು. ಸೋತ ಮೇಲೆ ಎದ್ದು, ಗೆದ್ದವನ ಕೈ ಹಿಡಿದು, ವಸ್ತಾದರ ಕಾಲು ಮುಟ್ಟಿ, "ನಾನು ಎಲ್ಲಿ ತಪ್ಪಿದೆ?" ಎಂದು ಕೇಳುವ ಹುಡುಗನನ್ನು ಗುರುತು ಇಟ್ಟುಕೊಳ್ಳಿರಿ. ಮುಂದಿನ ವರ್ಷ ಅವನು ಬೇರೆಯೇ ಪೈಲ್ವಾನನಾಗಿ ಬರುತ್ತಾನೆ.

ಇನ್ನು ಊರ ಹಿರಿಯರು ಮಾಡಬೇಕಾದ ಕೆಲಸ. ಮೊದಲನೆಯದು ತೂಕ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಅವರು 50 ಕಿಲೋ ವಿಭಾಗದಲ್ಲಿ 100 ಗ್ರಾಂ ಹೆಚ್ಚಾದದ್ದಕ್ಕೆ ಫೈನಲ್ ಕಳೆದುಕೊಂಡರು. ಅಲ್ಲಿ 100 ಗ್ರಾಮಿಗೆ ಅಷ್ಟು ಬೆಲೆ. ನಮ್ಮ ಮೈದಾನದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ ಜೋಡಿ ಮಾಡುತ್ತೇವೆ. ಎತ್ತರ ಸರಿ ಕಂಡರೂ ತೂಕದಲ್ಲಿ ಎಂಟು ಹತ್ತು ಕಿಲೋ ಫರಕು ಇರುತ್ತದೆ. ಕುತ್ತಿಗೆ, ಮೊಣಕಾಲು, ಭುಜದ ಕೀಲಿಗೆ ಪೆಟ್ಟು ಬೀಳುವುದು ಇಂಥ ಜೋಡಿಗಳಲ್ಲೇ. ಧಾನ್ಯ ತೂಗುವ ಕಾಟಾ ಎಲ್ಲ ಊರಲ್ಲೂ ಇದೆ. ಜೋಡಿ ಹಚ್ಚುವ ಮೊದಲು ಹುಡುಗರನ್ನು ಅದರ ಮೇಲೆ ನಿಲ್ಲಿಸಿರಿ. ಮೈದಾನದ ಬದಿಗೆ ಒಬ್ಬ ಡಾಕ್ಟರು, ಒಂದು ಗಾಡಿ ಸಿದ್ಧ ಇರಲಿ.

ಎರಡನೆಯದು ಇನಾಮು. ವಂತಿಗೆಯ ಬಹುಪಾಲು ಕೊನೆಯ ಒಂದು ಕುಸ್ತಿಗೆ ಹೋಗುತ್ತದೆ. ಸಣ್ಣ ಹುಡುಗನಿಗೆ ತೆಂಗಿನಕಾಯಿ, ಬತ್ತಾಸ, ಕೈಗೆ ಒಂದಿಷ್ಟು ನೋಟು. ದೊಡ್ಡ ಕುಸ್ತಿ ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಅದರಿಂದಲೇ ಮೈದಾನಕ್ಕೆ ಕಳೆ. ಆದರೆ ಒಟ್ಟು ವಂತಿಗೆಯ ಕಾಲು ಭಾಗವನ್ನು ಊರಿನ ಇಬ್ಬರು ಹುಡುಗರ ವರ್ಷದ ಹಾಲಿಗೆ ತೆಗೆದಿಡಿರಿ. ಕಾಗಲ್ಲಿನ ಶಾಹೂ ಸಹಕಾರಿ ಸಕ್ಕರೆ ಕಾರ್ಖಾನೆ ತನ್ನ ಭಾಗದ ಪೈಲ್ವಾನರಿಗೆ ಸ್ಪರ್ಧೆ ಇಟ್ಟು ಮಾನಧನ ಕೊಟ್ಟು ಬೆಳೆಸಿದೆ. ಕಾರ್ಖಾನೆ ಮಾಡುವ ಕೆಲಸವನ್ನು ಒಂದು ಊರು ಸಣ್ಣ ಪ್ರಮಾಣದಲ್ಲಿ ಮಾಡಲು ಬರುತ್ತದೆ.

ಮೂರನೆಯದು ಬಹಳ ಗಂಭೀರ. ಬೇಗ ಮೈ ಬರಲಿ, ದಮ್ಮು ಹೆಚ್ಚಲಿ ಎಂದು ಹುಡುಗರು ಚುಚ್ಚುಮದ್ದಿನ ಹಿಂದೆ ಬೀಳುತ್ತಿದ್ದಾರೆ. ಮೆಫೆಂಟರ್ಮಿನ್ ಎಂಬುದು ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ರೋಗಿಯ ರಕ್ತದೊತ್ತಡ ಕುಸಿದರೆ ಡಾಕ್ಟರರು ಕೊಡುವ ಔಷಧ. ಅದನ್ನು ತಾಲೀಮಿಗೆ ತರುವುದು ಎಂದರೆ ಹುಡುಗನ ಎದೆಯ ಜೊತೆ ಜೂಜು ಆಡುವುದು. ಸ್ಪರ್ಧೆಗಳಲ್ಲಿ ಅದಕ್ಕೆ ನಿಷೇಧವೂ ಇದೆ. ಪರೀಕ್ಷೆಯಲ್ಲಿ ಸಿಕ್ಕರೆ ವರ್ಷಗಟ್ಟಲೆ ಆಟ ಬಂದ್. ಕಬ್ಬಿಗೆ ಯಾವ ಔಷಧ, ಎಷ್ಟು ಪ್ರಮಾಣ ಎಂದು ನನ್ನನ್ನು ಹತ್ತು ಸಲ ಕೇಳುತ್ತೀರಿ. ಮಗನ ಚೀಲದಲ್ಲಿ ಯಾವ ಬಾಟಲಿ ಇದೆ ಎಂದು ಒಮ್ಮೆ ಬಿಚ್ಚಿ ನೋಡಿರಿ. ಹಾಲು, ಬಾದಾಮಿ, ಬೇಳೆ, ಜೋಳದ ರೊಟ್ಟಿ, ನಿದ್ದೆ ಇವಿಷ್ಟರ ಮೇಲೆಯೇ ಹಿಂದಿನವರು ಮೈ ಕಟ್ಟಿದರು.

ಹೆಣ್ಣು ಮಕ್ಕಳ ಮಾತನ್ನೂ ಮರೆಯಬಾರದು. 2016ರಲ್ಲಿ ಸಾಕ್ಷಿ ಮಲಿಕ್ ಒಲಿಂಪಿಕ್ ಕಂಚು ತಂದರು. 2023ರಲ್ಲಿ ಸಾಂಗಲಿಯಲ್ಲಿ ನಡೆದ ಮಹಿಳಾ ಮಹಾರಾಷ್ಟ್ರ ಕೇಸರಿಯನ್ನು ಅದೇ ಜಿಲ್ಲೆಯ ಪ್ರತೀಕ್ಷಾ ಬಾಗಡಿ ಗೆದ್ದರು. ನಿಮ್ಮ ಊರಿನ ಹುಡುಗಿ ಲಂಗೋಟಿ ಆಟ ಕಲಿಯಲು ಬಂದರೆ ನಗಬೇಡಿರಿ, ಜೋಡಿ ಹುಡುಕಿ ಕೊಡಿರಿ.

ಕೊನೆಗೆ ಒಂದು ಮಾತು. ನೂರು ಹುಡುಗರಲ್ಲಿ ಕೇಸರಿ ಆಗುವವನು ಒಬ್ಬನೂ ಇಲ್ಲದಿರಬಹುದು. ಅದಕ್ಕೇ ಹುಡುಗನ ಶಾಲೆ ಬಿಡಿಸಬೇಡಿರಿ. ಬೆಳಿಗ್ಗೆ ತಾಲೀಮು, ಮಧ್ಯಾಹ್ನ ಶಾಲೆ, ಸಂಜೆ ತಾಲೀಮು ನಡೆಯಲಿ. ಕುಸ್ತಿ ಕೈಬಿಟ್ಟರೂ ನೌಕರಿಯೋ ಹೊಲವೋ ಕೈಹಿಡಿಯುತ್ತದೆ.

ಈ ವರ್ಷ ಜಾತ್ರೆಗೆ ಮಧ್ಯಾಹ್ನವೇ ಬನ್ನಿರಿ, ತಲೆಗೆ ಟವೆಲ್ ಸುತ್ತಿಕೊಂಡು ಕಟ್ಟೆಯ ಮೇಲೆ ಕೂಡಿರಿ. ಸಣ್ಣ ಹುಡುಗ ಗೆದ್ದಾಗ ಒಂದು ಚಪ್ಪಾಳೆ, ಸೋತಾಗಲೂ ಒಂದು ಚಪ್ಪಾಳೆ ಹಾಕಿರಿ. ಇಷ್ಟು ಹೇಳಿ, ಸುರು ಲಾವಣಿಗೆ ಹಾಕಿದ ಕಬ್ಬಿನಲ್ಲಿ ನಾಟು ತಪ್ಪಿದ ಜಾಗ ತುಂಬಿಸುವುದನ್ನೂ ಮರೆಯಬೇಡಿರೆಂದು ನೆನಪಿಸಿ, ನನ್ನ ಮಾತು ಮುಗಿಸುತ್ತೇನೆ. ಜೈ ಕಿಸಾನ್.