ಹೆಪ್ಪುಗಟ್ಟದ ಕಾಂತ



ಹೆಬ್ಬಗೋಡಿಯ ಕಾರ್ಖಾನೆಗಳಲ್ಲಿ ತಿರುಗುವ ಮೋಟಾರುಗಳೆಲ್ಲ ಕಾಂತಶಕ್ತಿಯಿಂದಲೇ ನಡೆಯುತ್ತವೆ. ಈ ಶಕ್ತಿಯ ಮೂಲ ಎಲ್ಲಿದೆ? ಪ್ರತಿಯೊಂದು ಇಲೆಕ್ಟ್ರಾನೂ ಒಂದು ಪುಟ್ಟ ಕಾಂತ. ಅದರ ಈ ಗುಣಕ್ಕೆ ಸ್ಪಿನ್, ಅಂದರೆ ಗಿರಕಿ, ಎಂದು ಹೆಸರು. ಕಬ್ಬಿಣದಲ್ಲಿ ಅಕ್ಕಪಕ್ಕದ ಗಿರಕಿಗಳು ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಬೇರೆ ಕೆಲವು ವಸ್ತುಗಳಲ್ಲಿ ಒಂದು ಮೇಲೆ ನೋಡಿದರೆ ಪಕ್ಕದ್ದು ಕೆಳಗೆ ನೋಡುತ್ತದೆ. ತಣ್ಣಗಾದ ನೀರು ಮಂಜುಗಡ್ಡೆಯಾಗುವಂತೆ ಗಿರಕಿಗಳೂ ಹೀಗೆ ಒಂದು ಕ್ರಮದಲ್ಲಿ ಹೆಪ್ಪುಗಟ್ಟುತ್ತವೆ.

ಆದರೆ ಎಲ್ಲ ವಸ್ತುಗಳಲ್ಲೂ ಇದು ಸಾಧ್ಯವೇ? ಮೂರು ನಾಣ್ಯಗಳನ್ನು ತ್ರಿಕೋನದ ಮೂಲೆಗಳಲ್ಲಿಡಿ. ಪಕ್ಕದ ನಾಣ್ಯಗಳು ಒಂದೇ ಮುಖ ತೋರಿಸಬಾರದೆಂಬುದು ನಿಯಮ. ಎಂಟು ರೀತಿಯಲ್ಲಿ ಇಟ್ಟು ನೋಡಿದರೂ ನಿಯಮ ಪೂರ್ತಿ ಪಾಲನೆಯಾಗದು. ಆರು ರೀತಿಗಳಲ್ಲಿ ಒಂದೊಂದು ಕಡೆ ತಪ್ಪುತ್ತದೆ. ಆ ಆರೂ ಸಮಾನ, ಯಾವುದನ್ನು ಆರಿಸುವುದು? ವಿಜ್ಞಾನಿಗಳು ಇದನ್ನು ಫ್ರಸ್ಟ್ರೇಷನ್ ಎನ್ನುತ್ತಾರೆ. ನಾವು ಇಕ್ಕಟ್ಟು ಎನ್ನೋಣ.

1973ರಲ್ಲಿ ಅಮೆರಿಕದ ಫಿಲಿಪ್ ಆಂಡರ್ಸನ್ ಒಂದು ಊಹೆ ಮುಂದಿಟ್ಟರು. ತ್ರಿಕೋನಗಳ ಜಾಲಕದಲ್ಲಿ ಗಿರಕಿಗಳು ಎರಡೆರಡಾಗಿ ಜೊತೆಗೂಡಬಹುದು, ಆದರೆ ಯಾವ ಜೋಡಿಯೂ ಸ್ಥಿರವಲ್ಲ. ಕ್ವಾಂಟಂ ನಿಯಮದಂತೆ ಅನೇಕ ಬಗೆಯ ಜೋಡಣೆಗಳು ಏಕಕಾಲದಲ್ಲಿ ಬೆರೆತಿರುತ್ತವೆ. ನಿರಪೇಕ್ಷ ಶೂನ್ಯದಲ್ಲೂ ಹೆಪ್ಪುಗಟ್ಟದ ಇಂಥ ಸ್ಥಿತಿಯೇ ಕ್ವಾಂಟಂ ಸ್ಪಿನ್ ದ್ರವ. ವಸ್ತುವೇನೋ ಗಟ್ಟಿ ಹರಳೇ. ದ್ರವದಂತಿರುವುದು ಗಿರಕಿಗಳು ಮಾತ್ರ.

ಇಕ್ಕಟ್ಟಿದ್ದಲ್ಲೆಲ್ಲ ದ್ರವವಿರಬೇಕೆಂದಿಲ್ಲ. 1981ರಲ್ಲಿ ಶ್ರೀರಾಮ್ ಶಾಸ್ತ್ರಿ ಮತ್ತು ಬಿಲ್ ಸದರ್‌ಲ್ಯಾಂಡ್ ಒಂದು ವಿಶಿಷ್ಟ ಜಾಲಕವನ್ನು ಪರಿಶೀಲಿಸಿ, ಅದರಲ್ಲಿ ಗಿರಕಿಗಳು ಕದಲದ ಜೋಡಿಗಳಾಗಿ ನಿಲ್ಲಬಲ್ಲವೆಂದು ಗಣಿತದಿಂದ ತೋರಿಸಿದರು. ಶಾಸ್ತ್ರಿಯವರು ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಕಾಗದದ ಮೇಲಿದ್ದ ಆ ಜಾಲಕವನ್ನು 1999ರಲ್ಲಿ ಜಪಾನಿನ ಸಂಶೋಧಕರು ಸ್ಟ್ರಾನ್ಷಿಯಂ, ತಾಮ್ರ, ಬೋರಾನ್, ಆಕ್ಸಿಜನ್‌ಗಳ ಒಂದು ಸಂಯುಕ್ತದಲ್ಲಿ ಗುರುತಿಸಿದರು.

ಹಾಗಾದರೆ ನಿಜವಾದ ಸ್ಪಿನ್ ದ್ರವ ಎಲ್ಲಿದೆ? ಹರ್ಬರ್ಟ್‌ಸ್ಮಿಥೈಟ್ ಎಂಬ ಹಸಿರು ಖನಿಜ ಇದಕ್ಕೆ ಪ್ರಬಲ ಅಭ್ಯರ್ಥಿ. ಅದರಲ್ಲಿ ತಾಮ್ರದ ಪರಮಾಣುಗಳು ‘ಕಾಗೊಮೆ’ ಜಾಲಕದಲ್ಲಿವೆ. ಕಾಗೊಮೆ ಎಂದರೆ ಜಪಾನಿನ ಬುಟ್ಟಿಯ ಹೆಣಿಗೆ. ಆರು ಮೂಲೆಯ ಕಣ್ಣುಗಳು, ಅವುಗಳ ಸುತ್ತ ತ್ರಿಕೋನಗಳು. ಈ ಖನಿಜವನ್ನು ನಿರಪೇಕ್ಷ ಶೂನ್ಯಕ್ಕಿಂತ 0.05 ಡಿಗ್ರಿ ಮೇಲಿನವರೆಗೆ ತಣ್ಣಗಾಗಿಸಿದರೂ ಗಿರಕಿಗಳು ಕ್ರಮಕ್ಕೆ ಬರಲಿಲ್ಲ.

ಇಲ್ಲಿ ಎಚ್ಚರ ಬೇಕು. ಕ್ರಮವಿಲ್ಲವೆಂದ ಮಾತ್ರಕ್ಕೆ ದ್ರವವೆಂದು ಹೇಳಲಾಗದು. ಹರಳಿನಲ್ಲಿ ಕಲ್ಮಶವಿದ್ದರೆ ಗಿರಕಿಗಳು ದಿಕ್ಕಿಗೊಂದರಂತೆ ಸಿಕ್ಕಿಬಿದ್ದು ನಿಲ್ಲಬಹುದು; ಅಲ್ಲೂ ಕ್ರಮ ಕಾಣುವುದಿಲ್ಲ. ಹರ್ಬರ್ಟ್‌ಸ್ಮಿಥೈಟ್‌ನಲ್ಲೂ ಸತುವಿನ ಕೆಲವು ಸ್ಥಾನಗಳಲ್ಲಿ ತಾಮ್ರ ಸೇರಿಕೊಂಡು ಅಳತೆಗಳನ್ನು ಗೊಂದಲಗೊಳಿಸುತ್ತದೆ. ಆದ್ದರಿಂದ ಬೇರೆ ಸಾಕ್ಷ್ಯ ಬೇಕಾಯಿತು. 2012ರಲ್ಲಿ ಈ ಹರಳಿಗೆ ನ್ಯೂಟ್ರಾನುಗಳನ್ನು ಹಾಯಿಸಿದಾಗ, ಸಾಮಾನ್ಯ ಕಾಂತಗಳಲ್ಲಿ ಕಾಣುವ ಸ್ಪಷ್ಟ ಗೆರೆಗಳ ಬದಲು ಹರಡಿಕೊಂಡ ಚಿತ್ರ ಮೂಡಿತು. ಸ್ಪಿನ್ ದ್ರವದಿಂದ ನಿರೀಕ್ಷಿಸುವುದು ಇದನ್ನೇ. ಆದರೂ ಚರ್ಚೆ ಮುಗಿದಿಲ್ಲ.

ಬೆಂಗಳೂರಿನ ಸಂಶೋಧನಾಲಯಗಳಲ್ಲೂ ಈ ಅಧ್ಯಯನ ನಡೆಯುತ್ತಿದೆ. ಕೆಲವು ಬಗೆಯ ಸ್ಪಿನ್ ದ್ರವಗಳು ಮುಂದೆ ಕ್ವಾಂಟಂ ಗಣಕಗಳಿಗೆ ನೆರವಾಗಬಹುದೆಂಬ ಆಸೆಯೂ ಇದೆ. ಅದಕ್ಕೆ ಮೊದಲು ಕಲ್ಮಶದ ಗೊಂದಲ ಯಾವುದು, ಗಿರಕಿಗಳ ಸಹಜ ಚಲನೆ ಯಾವುದು ಎಂದು ಬೇರ್ಪಡಿಸಬಲ್ಲವರು ಬೇಕು. ಆ ಕೆಲಸ ನಿಮಗಾಗಿ ಕಾದಿದೆ.