ಕಡಲಾಚೆಯ ಊಟಕ್ಕೆ ಬೋಳಾದ ಬೆಟ್ಟ

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನ ಸಭೆಯಲ್ಲಿ ಕುರಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ನಮ್ಮ ಮಳೆಗೆ ಕುರಿ ಬಾಳುವುದು ಕಷ್ಟ. ಗೊರಸು ಕೊಳೆಯುತ್ತದೆ, ಹೊಟ್ಟೆಯಲ್ಲಿ ಜಂತು ತುಂಬುತ್ತದೆ. ಕೊಯ್ಲು ಮುಗಿದ ಮೇಲೆ ಬಯಲುಸೀಮೆಯಿಂದ ಬಂದು, ಗದ್ದೆಯಲ್ಲಿ ನಾಲ್ಕು ರಾತ್ರಿ ಮಂದೆ ಹಾಕಿ, ಗೊಬ್ಬರ ಬಿಟ್ಟು ಹೋಗುವ ಹಿಂಡುಗಳನ್ನಷ್ಟೇ ನಾವು ಬಲ್ಲೆವು. ನಾನಿಂದು ಹೇಳಹೊರಟಿರುವುದು ನ್ಯೂಜಿಲೆಂಡಿನ ಗುಡ್ಡನಾಡಿನ ವಿಷಯ. ಅಲ್ಲಿಯ ಇಳಿಜಾರಿನಲ್ಲಿ ಏನು ಬೆಳೆಯಬೇಕೆಂಬುದನ್ನು ನೂರನಲವತ್ತು ವರ್ಷಗಳಿಂದ ಕಡಲಾಚೆಯವರ ಊಟ ನಿರ್ಧರಿಸುತ್ತ ಬಂದಿದೆ. ಹೊರದೇಶದ ಬೆಲೆ ನೋಡಿ ಕಾಫಿ, ಮೆಣಸು ಬೆಳೆಯುವ ನಮಗೆ ಅದು ತೀರ ದೂರದ ಸಂಗತಿಯಲ್ಲ.

1882ರ ಫೆಬ್ರವರಿ 15ರಂದು ‘ಡ್ಯುನೆಡಿನ್’ ಎಂಬ ಹಾಯಿಹಡಗು ಅಲ್ಲಿಯ ಪೋರ್ಟ್ ಚಾಮರ್ಸ್ ಬಂದರಿನಿಂದ ಲಂಡನ್ನಿಗೆ ಹೊರಟಿತು. ಅದರ ಒಡಲಲ್ಲಿ ಒಂದು ಶೀತಕ ಯಂತ್ರವೂ ಸುಮಾರು 5,000 ಕುರಿಗಳ ಹೆಪ್ಪುಗಟ್ಟಿಸಿದ ಮಾಂಸವೂ ಇದ್ದವು. ಮೂರು ತಿಂಗಳಿಗೂ ಮಿಕ್ಕಿದ ಪಯಣದಲ್ಲಿ ಉಷ್ಣವಲಯವನ್ನು ದಾಟಿಯೂ ಮಾಂಸ ಕೆಡಲಿಲ್ಲ. ಅಲ್ಲಿಯವರೆಗೆ ಆ ದೇಶದವರು ಕುರಿ ಸಾಕುತ್ತಿದ್ದುದು ಉಣ್ಣೆಗಾಗಿ. ಹೆಚ್ಚಾದ ಕುರಿಗಳನ್ನು ಕೊಪ್ಪರಿಗೆಯಲ್ಲಿ ಬೇಯಿಸಿ, ಕೊಬ್ಬು ತೆಗೆದು, ಮೋಂಬತ್ತಿಗೂ ಸಾಬೂನಿಗೂ ಮಾರುತ್ತಿದ್ದರು. ಮಾಂಸಕ್ಕೆ ಬೆಲೆ ಬಂದೊಡನೆ ಉಣ್ಣೆಯ ಮೆರಿನೋ ತಳಿ ಹಿಂದೆ ಸರಿದು, ಮೈತುಂಬಿದ ರೋಮ್ನಿಯಂಥ ತಳಿಗಳು ಬಂದವು. ಅವುಗಳ ಮೇವಿಗೆಂದು ಯುರೋಪಿನ ರೈ ಹುಲ್ಲು, ಬಿಳಿ ಕ್ಲೋವರ್ ಬಂದವು. ಹುಲ್ಲಿಗೆ ಜಾಗ ಬೇಕಲ್ಲ? ಕಾಡಿಗೆ ಬೆಂಕಿ ಬಿತ್ತು. ಉತ್ತರ ದ್ವೀಪದ ಪೂರ್ವ ಕರಾವಳಿಯ ಗುಡ್ಡಗಳು ಬಹುಪಾಲು 1890ರಿಂದ 1920ರೊಳಗೆ ಬೋಳಾದವು.

ಹೀಗೆ ಸುಟ್ಟ ನೆಲದ ಬೂದಿಯ ಸತ್ವ ಕೆಲವೇ ವರ್ಷಗಳಲ್ಲಿ ತೀರಿತು. ಆಗ ನೌರು ಎಂಬ ಪುಟ್ಟ ದ್ವೀಪದ ರಂಜಕದ ನಿಕ್ಷೇಪವನ್ನು ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಜಂಟಿಯಾಗಿ ಅಗೆದವು. 1949ರ ಸುಮಾರಿನಿಂದ ಸೂಪರ್ ಫಾಸ್ಫೇಟನ್ನು ವಿಮಾನಗಳಿಂದಲೇ ಗುಡ್ಡಗಳ ಮೇಲೆ ಸುರಿಯಲಾರಂಭಿಸಿದರು. ಒಂದು ದ್ವೀಪವನ್ನು ಕೆರೆದು ಇನ್ನೊಂದು ದ್ವೀಪದ ಹುಲ್ಲಿಗೆ ಹಾಕಿ, ಮೂರನೆಯ ದ್ವೀಪದವರಿಗೆ ಮಾಂಸ ಒದಗಿಸುವ ಈ ಏರ್ಪಾಟನ್ನು ಕೃಷಿ ವಿಜ್ಞಾನದ ಸಾಧನೆ ಎಂದೇ ನಾವು ಪಾಠ ಹೇಳಿಸಿಕೊಂಡಿದ್ದೆವು. ಸಾಧನೆ ಹೌದು. ಲೆಕ್ಕದಲ್ಲಿ ನೌರುವಿನ ಹೆಸರಿರಲಿಲ್ಲ, ಅಷ್ಟೆ.

ಪೂರ್ವ ಕರಾವಳಿಯ ಬುಡದಲ್ಲಿರುವುದು ಮೆದು ಕಲ್ಲು. ಮರದ ಬೇರು ಹೋದ ಮೇಲೆ ಅದನ್ನು ಹಿಡಿದಿಡುವವರಿಲ್ಲ. ಅಲ್ಲಿಯ ವಾಯಪು ನದಿ ವರ್ಷಕ್ಕೆ ಸುಮಾರು 3.5 ಕೋಟಿ ಟನ್ ಹೂಳನ್ನು ಹೊತ್ತೊಯ್ಯುತ್ತದೆ. ಅಷ್ಟು ಚಿಕ್ಕ ನದಿಗೆ ಇದು ಜಗತ್ತಿನಲ್ಲೇ ಅತಿ ಹೆಚ್ಚಿನ ಹೊರೆಗಳಲ್ಲೊಂದು. ಆ ನದಿಯ ದಂಡೆಯಲ್ಲಿ ತಲೆತಲಾಂತರದಿಂದ ಬಾಳಿದ ನ್ಗಾಟಿ ಪೊರೌ ಎಂಬ ಮಾವೋರಿ ಜನರ ಪಾತ್ರೆಗೆ ಬಿದ್ದದ್ದು ಆ ಕೆಸರು.

ಇತ್ತ ಮಾರುಕಟ್ಟೆಯ ಗತಿಯೇನಾಯಿತು? 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟವನ್ನು ಸೇರಿತು. ಹಳೆಯ ಗಿರಾಕಿಯ ಬಾಗಿಲು ಅರ್ಧ ಮುಚ್ಚಿತು. ಸರ್ಕಾರ ಮಾಡಿದ್ದೇನು? ಕುರಿ ಹೆಚ್ಚಿಸಿದವರಿಗೆ ಸಹಾಯಧನ, ಕಡಿದಾದ ಗುಡ್ಡವನ್ನೂ ಹುಲ್ಲುಗಾವಲಾಗಿಸಲು ಸಾಲ. 1982ರಲ್ಲಿ ಕುರಿಗಳು 7 ಕೋಟಿ ಮುಟ್ಟಿದವು. ಮನುಷ್ಯರು ಮಾತ್ರ 32 ಲಕ್ಷದಷ್ಟೇ! 1984ರಲ್ಲಿ ಹೊಸ ಸರ್ಕಾರ ಬಂದು ಸಹಾಯಧನಗಳನ್ನು ಕಿತ್ತುಹಾಕಿತು. ಇಂದು ಅಲ್ಲಿರುವ ಕುರಿ 2.5 ಕೋಟಿಗೂ ಕಡಿಮೆ. ಅರ್ಥಶಾಸ್ತ್ರಜ್ಞರು ಇದನ್ನು ಆದರ್ಶವೆಂದು ಹೊಗಳುತ್ತಾರೆ. ರೈತರು ಜಾಣರಾದದ್ದೂ ನಿಜ: ಒಂದೊಂದು ಕುರಿಯಿಂದ ಹೆಚ್ಚು ಮರಿ, ಒಂದೊಂದು ಮರಿಯಿಂದ ಹೆಚ್ಚು ಮಾಂಸ ಪಡೆದರು. ಆದರೆ ಸಹಾಯಧನದ ಆಸೆಗೆ ಬೋಳಾದ ಗುಡ್ಡ, ಸಹಾಯಧನ ನಿಂತಾಕ್ಷಣ ಕಾಡಾಗಿ ಮರಳಲಿಲ್ಲ. ಆ ಅರ್ಧ ಕಥೆಯನ್ನು ಅವರು ಹೇಳುವುದಿಲ್ಲ.

ಲೋಕದ ಕುರಿಮಾಂಸದ ರಫ್ತಿನಲ್ಲಿ ಬಹುಪಾಲು ಆಸ್ಟ್ರೇಲಿಯ, ನ್ಯೂಜಿಲೆಂಡ್ ಎರಡರದೇ. ಒಂದು ಮರಿಯ ಮೈ ಎಲ್ಲೆಲ್ಲಿಗೆ ಹಂಚಿಹೋಗುತ್ತದೆಂದು ನೋಡಿದರೆ ಅಚ್ಚರಿಯಾಗುತ್ತದೆ. ಹಿಂದೊಡೆ ಬ್ರಿಟನ್ನಿನ ಈಸ್ಟರ್, ಕ್ರಿಸ್‌ಮಸ್ ಊಟಕ್ಕೆ. ಪಕ್ಕೆಲುಬಿನ ಎಳೆ ಮಾಂಸ ಯುರೋಪು, ಅಮೆರಿಕಗಳ ಹೋಟೆಲುಗಳಿಗೆ. ಹೊಟ್ಟೆಯ ಪಕ್ಕದ ಕೊಬ್ಬಿನ ಪದರವನ್ನು ಬಹುಕಾಲ ಪೆಸಿಫಿಕ್ ದ್ವೀಪಗಳಿಗೆ ಅಗ್ಗಕ್ಕೆ ದಾಟಿಸುತ್ತಿದ್ದರು. ಮೀನು, ಗೆಣಸು ತಿಂದು ಬಾಳಿದ್ದ ಆ ಜನರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆಗಳು ಬೆಳೆಯುತ್ತಿದ್ದಾಗ, 2000ದಲ್ಲಿ ಫಿಜಿ ಆ ಮಾಂಸದ ಮಾರಾಟವನ್ನೇ ನಿಷೇಧಿಸಿತು. ಬಳಿಕ ಅದೇ ಕೊಬ್ಬಿನ ಪದರ ಚೀನಾದ ಕುದಿಯುವ ಸಾರಿನ ಮಡಕೆಗಳಿಗೆ ಬೇಕಾಯಿತು. ಕಸದ ಬೆಲೆಯದು ಒಳ್ಳೆಯ ಬೆಲೆಯದಾಯಿತು. 2018ರಲ್ಲಿ ಚೀನಾದ ಹಂದಿಗಳಿಗೆ ಆಫ್ರಿಕನ್ ಜ್ವರ ತಗುಲಿ, ಮಾಂಸದ ಕೊರತೆಯಾಗಿ, ಕುರಿಯ ಬೆಲೆ ಏರಿತು. 2023ರಲ್ಲಿ ಅಲ್ಲಿಯ ಬೇಡಿಕೆ ಕುಗ್ಗಿ ಬೆಲೆ ಕುಸಿಯಿತು. ಹಂದಿಯ ಜ್ವರಕ್ಕೂ ಗುಡ್ಡದ ಕುರಿಗಾಹಿಯ ಸಾಲಕ್ಕೂ ಹೀಗೆ ನೆಂಟಸ್ತಿಕೆ. ನಮ್ಮ ವೆನಿಲಾ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಡಗಾಸ್ಕರಿನ ಚಂಡಮಾರುತದಿಂದ ಏರಿದ ಬೆಲೆಯನ್ನು ನಂಬಿ ಬಳ್ಳಿ ನೆಟ್ಟವರು ಈ ಸಭೆಯಲ್ಲೇ ಇದ್ದೀರಿ.

ಮತ್ತೆ ಪೂರ್ವ ಕರಾವಳಿಯ ಗುಡ್ಡಗಳಿಗೆ ಬರುತ್ತೇನೆ. 1988ರ ಮಾರ್ಚಿನಲ್ಲಿ ಬೋಲಾ ಎಂಬ ಚಂಡಮಾರುತ ಬಂದು ಹುಲ್ಲುಗಾವಲುಗಳು ಜರಿದು ಕಣಿವೆಗಿಳಿದವು. ಮಣ್ಣು ಹಿಡಿಯಲೆಂದು ಸರ್ಕಾರ ಹಣ ಕೊಟ್ಟು ಪೈನ್ ನೆಡಿಸಿತು. ಮರ ಬಲಿತಾಗ ರಫ್ತಿಗೆಂದೇ ಗುಡ್ಡಗುಡ್ಡವನ್ನೇ ಸವರಿದರು. 2023ರ ಫೆಬ್ರವರಿಯಲ್ಲಿ ಗೇಬ್ರಿಯೆಲ್ ಚಂಡಮಾರುತ ಬಂದಾಗ, ಕಡಿದು ಬಿಟ್ಟ ಕೊಂಬೆ, ತುಂಡುಗಳು ನೆರೆಯೊಡನೆ ಇಳಿದು ಸೇತುವೆಗಳನ್ನು ಮುರಿದವು, ಕಡಲತೀರವನ್ನು ಮುಚ್ಚಿದವು. ಈಗ ಇಂಗಾಲದ ಲೆಕ್ಕಕ್ಕಾಗಿ ಕುರಿಯ ಗುಡ್ಡಗಳನ್ನು ಕೊಂಡು ಮತ್ತೆ ಅದೇ ಪೈನ್ ನೆಡುವವರಿದ್ದಾರೆ. ಅಕೇಶಿಯಾ ನೆಡುತೋಪುಗಳ ನಡುವೆ ಬದುಕುವ ನಾವು ಇದಕ್ಕೆ ಟಿಪ್ಪಣಿ ಬರೆಯಬೇಕೆ?

ನಮ್ಮ ದೇಶಕ್ಕೆ ಇದು ತಟ್ಟುವುದೆಲ್ಲಿ? 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಒಪ್ಪಂದದಿಂದ ಆಸ್ಟ್ರೇಲಿಯದ ಕುರಿಮಾಂಸದ ಮೇಲಿದ್ದ ಶೇ. 30ರ ಸುಂಕ ಹೋಯಿತು. 2025ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನೊಡನೆಯೂ ಮಾತುಕತೆ ಮುಗಿದುದಾಗಿ ಪ್ರಕಟವಾಯಿತು. ದೊಡ್ಡ ಹೋಟೆಲುಗಳ ಊಟದ ಪಟ್ಟಿಯಲ್ಲಿ ಆ ಮಾಂಸ ಕಂಡರೆ ನಮ್ಮ ಸಂತೆಯ ಕುರಿ ನಾಳೆಯೇ ಬೆಲೆ ಕಳೆದುಕೊಳ್ಳುತ್ತದೆಂದು ನಾನು ಹೆದರಿಸಲಾರೆ. ಇಲ್ಲಿಯ ಜನಕ್ಕೆ ಆಗತಾನೆ ಕೊಯ್ದ ಮಾಂಸವೇ ಬೇಕು. ನನ್ನ ಆತಂಕ ಬೇರೆ. ಕುರುಬರ ಹಿಂಡು ಸೋತರೆ ಅದು ಆಮದಿನಿಂದಲ್ಲ, ಕಾಲಿಡಲು ನೆಲವಿಲ್ಲದೆ. ಅಡಕೆಯ ಬೆಲೆ ಕಂಡು ನಾವು ಗದ್ದೆಗಳನ್ನು ತೋಟ ಮಾಡುತ್ತಿದ್ದೇವೆ. ಎಳೆಯ ಅಡಕೆ ಸಸಿಯ ನಡುವೆ ಮಂದೆ ಹಾಕಿಸುವವರಾರು? ನಮ್ಮೂರಿಗೆ ಬರುವ ಹಿರಿಯ ಕುರಿಗಾಹಿಯೊಬ್ಬರು ಕಳೆದ ಸಲ, “ಸ್ವಾಮಿ, ಬರೋ ವರ್ಷ ಯಾವ ಗದ್ದೆ ಉಳಿದಿರ್ತದೆ, ಈಗ್ಲೇ ಹೇಳಿಬಿಡ್ರಿ” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಬಾರಿ ಹಿಂಡು ಬರುವ ಮುನ್ನ ಪ್ರತಿ ಊರಿನವರೂ ಮಂದೆಗೆ ಬಿಡಬಹುದಾದ ಗದ್ದೆಗಳ ಪಟ್ಟಿಯನ್ನು ಬಳಗಕ್ಕೆ ತಲುಪಿಸಿದರೆ, ಅದನ್ನು ಅವರ ಕೈಗೆ ಕೊಡುವ ಹೊಣೆ ನನ್ನದು.